ಕೆಂಪು ಅರವತ್ತು

ಗುಳೇದಗುಡ್ಡದ ದಸ್ತಗೀರ ಉಸ್ತಾದರ ಸ್ಟುಡಿಯೋದಲ್ಲಿ
ನಾನಿನ್ನೂ ಟ್ರೇ ತೊಳೆಯುತ್ತಿದ್ದ ಕಾಲ.
ಸೊಲ್ಲಾಪುರದಿಂದ ಬಂದ ಹಳೇ ಕ್ಯಾಮೆರಾ,
ಅದರ ನೆತ್ತಿಯ ಗಾಲಿಯ ಮೇಲೆ ಎಲ್ಲ ಅಂಕಿ ಬಿಳಿ,
ಅರವತ್ತು ಮಾತ್ರ ಕೆಂಪು.
ಯಾಕೆ ಕೆಂಪು ಎಂದು ಕೇಳಲಿಲ್ಲ.
ಕೇಳಿದರೆ, ಗೊತ್ತಿಲ್ಲವೆಂಬುದು ಗೊತ್ತಾಗುತ್ತಿತ್ತು.

ಖಣದ ಸಾವುಕಾರನಿಗೆ ಕ್ಯಾಲೆಂಡರಿಗೊಂದು ಚಿತ್ರ ಬೇಕು:
ಕುಣಿಮಗ್ಗ, ನೇಯುವ ಹೆಂಗಸು, ನಡುದಾರಿಯಲ್ಲಿ ಲಾಳಿ.
"ನಿಂತಿರಬೇಕು ನೋಡು, ಕೈಯಾಗ ಹಿಡಿಯೂ ಹಂಗ."

ಬನವ್ವನ ಮನೆಯಲ್ಲಿ ಕರೆಂಟು ಹೋಗಿತ್ತು.
ಸೊಂಟದ ತನಕ ಕುಣಿಗಿಳಿದು ಕೂತಿದ್ದಳು,
ಕಿಟಕಿಯಿಂದ ಬಂದದ್ದು ಒಂದು ಗೇಣು ಬಿಸಿಲು.
ನಾಲ್ಕು ಸೆಲ್ಲು ನುಂಗಿದ ಫ್ಲ್ಯಾಷು
ಸೊಳ್ಳೆಯಂತೆ ಕುಂಯ್‌ಗುಟ್ಟಿ, ದನಿ ಏರಿ ಏರಿ
ಕಿವಿಗೆ ಸಿಗದಾದಾಗ
ಬೆನ್ನಿನ ಸಣ್ಣ ದೀಪ ಹತ್ತಿತು.
ಲಾಳಿ ಜೋರು. ಹಾಗಾದರೆ ಶಟರೂ ಜೋರಿರಬೇಕು.
ಕೆಂಪು ದಾಟಿಸಿ ಇನ್ನೂರೈವತ್ತಕ್ಕೆ ತಿರುವಿದೆ.
ಮೂವತ್ತಾರು ಸಲ ಮನೆಯೊಳಗೆ ಮಿಂಚಿತು,
ಮೂವತ್ತಾರು ಸಲ ಕೋಳಿ ಹಾರಿತು.

ರಾತ್ರಿ ಟ್ರೇಯಲ್ಲಿ ಕಾಗದ ಅಲ್ಲಾಡಿಸಿದರೆ
ಮೊದಲು ಬಂದದ್ದು ಕಪ್ಪು.
ಮುಕ್ಕಾಲು ಕಾಗದ, ನೋಡನೋಡುತ್ತ, ಕಾಡಿಗೆ.
ಅಂಚಿನ ಸೀಳಿನಲ್ಲಿ ಕಂಡಿಕೆ ಸುತ್ತುವ ರಾಟಿ,
ಬಾಗಿಲ ಚೌಕಟ್ಟು, ಬನವ್ವನ ಒಂದು ಮೊಣಕೈ.
ಲಾಳಿ ಎಲ್ಲಿತ್ತೋ.
ಮೂವತ್ತಾರೂ ಅಷ್ಟೇ.
"ಕೆಂಪು ಕಾಣ್ಸಲಿಲ್ಲೇನು?" ಎಂದರು ಉಸ್ತಾದರು,
"ರೀಲಿನ ದುಡ್ಡು ಪಗಾರದಾಗ ಹಿಡೀತೀನಿ" ಎಂದು
ಚಹಾ ಕುಡಿಯಲು ಹೋದರು.

ಮತ್ತೊಮ್ಮೆ ಕೂರಮ್ಮ ಎನ್ನಲು ಆ ಸೀಳನ್ನೇ ಹಿಡಿದು ಹೋದೆ.
ಬನವ್ವ ತಿರುಗಿಸಿ ಮುರುಗಿಸಿ ನೋಡಿದಳು.
"ಸಾವ್ಕಾರ ಕೂಲೀನೂ ಇಷ್ಟ ಅಗಲಾನ ಕೊಡ್ತಾನ.
ಆ ಡಬ್ಬಿ ತಗೀ, ಒಳಗೇನೈತಿ?"
ರೀಲಿಲ್ಲದ ಬೆನ್ನು ತೆರೆದೆ.
"ಅಯ್ಯ, ಅರಿವಿ ಐತಲ್ಲೋ ಇದರಾಗ!
ಕರೇ ಅರಿವಿ. ಯಾರು ನೇಯ್ದಾರ?"
ಬೆರಳು ತಂದಳು. ಮುಟ್ಟಬ್ಯಾಡ ಎಂದೆ.
"ನೇಯೂಕಿಗೆ ಹೇಳ್ತಿ."

ಕಣ್ಣಿಗೆ ಸಿಗುವ ವೇಗವಲ್ಲ ಅದು.
ಆಕೆ ಕ್ಯಾಮೆರಾವನ್ನು ಕಿವಿಗಿಟ್ಟುಕೊಂಡಳು,
ಮಗ್ಗದ ಕಾಯಿಲೆ ಕೇಳುವಂತೆ.
ಇನ್ನೂರೈವತ್ತು: ಒತ್ತಿದೆ.
ಅರವತ್ತು: ಒತ್ತಿದೆ.
"ಮತ್ತ ಒತ್ತು."
ಒತ್ತಿದೆ.
"ಇದರಾಗ ಎರಡು ಸಪ್ಪಳ. ಅದರಾಗ ಒಂದ.
ಮೊದಲಿನ ಅರಿವಿ ಪೂರಾ ಸರಿಯೂದರಾಗ
ಎರಡನೇದು ಬೆನ್ನು ಹತ್ತೇತಿ.
ಹಾಸು ಬಾಯಿ ಬಿಡೂ ಮದ್ಲ ಲಾಳಿ ಒಗದಿ, ತಮ್ಮಾ."

ಎಡಗಾಲಲ್ಲಿ ತುಳಿದಳು.
ಸಾವಿರ ಎಳೆ ಮೇಲೆ, ಸಾವಿರ ಎಳೆ ಕೆಳಗೆ,
ನಡುವೆ ಒಂದು ಗವಿ.
"ಕಾಲು ಮದ್ಲ. ಕೈ ಆಮ್ಯಾಲ."
ಹಗ್ಗ ಜಗ್ಗಿದಳು. ಲಾಳಿ ಹೋಗಿಯೇ ಬಿಟ್ಟಿತ್ತು.

ಬೆಳಕೇ ಲಾಳಿ ಅಂತ ನನಗೆ ಆಗ ಹೊಳೆಯಿತು.
ಓಡುವುದನ್ನು ನಿಲ್ಲಿಸುವುದು ಅರಿವೆಯ ಅವಸರವಲ್ಲ,
ಸಾವಿರದಲ್ಲೊಂದು ಪಾಲು ಸೆಕೆಂಡು ಬದುಕುವ ಆ ಮಿಂಚು.
ಅದು ಬರುವಾಗ ಬಾಗಿಲು ಪೂರ್ತಿ ತೆರೆದಿದ್ದರೆ ಸಾಕು,
ಅರವತ್ತು ಸಾಕು.

ಎರಡನೇ ರೀಲಿನಲ್ಲಿ ಲಾಳಿ ನಿಂತಿತ್ತು,
ಮೂತಿಯ ತಗಡಿನ ಗೀರು ಎಣಿಸುವಷ್ಟು.
ಹಿಂದೆ ಮಾತ್ರ ತೆಳ್ಳಗೆ ಹೊಗೆಯಂಥ ಬಾಲ:
ಕಿಟಕಿಯ ಆ ಗೇಣು ಬಿಸಿಲು, ಬಾಗಿಲು ತೆರೆದಿದ್ದಷ್ಟೂ ಹೊತ್ತು
ಸುಮ್ಮನೆ ಒಳಗೆ ಬಂದು ಬರೆದದ್ದು.
"ಹೊಲಸು ಅಳಸಿ ಕೊಡು" ಎಂದ ಸಾವುಕಾರ. ಅಳಿಸಿದೆ.
ಬನವ್ವನ ಪ್ರತಿಯಲ್ಲಿ ಉಳಿಸಿದೆ.
ಆಕೆ ಅದನ್ನೂ, ಕಪ್ಪು ಸೀಳನ್ನೂ
ಕಂಡಿಕೆಯ ಡಬ್ಬಿಯಲ್ಲಿ ಹಾಕಿದಳು.
ಯಾವುದು ಚೆನ್ನಾಗಿದೆ ಎಂದು ಹೇಳಲಿಲ್ಲ.

ಈಗಲೂ ಮದುವೆ ಮಂಟಪದಲ್ಲಿ, ಅಕ್ಕಿಕಾಳು ಗಾಳಿಗೇರುವ ಹೊತ್ತಿಗೆ
ಬೆರಳು ಗುಂಡಿ ಒತ್ತುವ ಮೊದಲು
ನನ್ನ ಎಡಗಾಲು ತಾನಾಗಿ ನೆಲ ತುಳಿಯುತ್ತದೆ.
ಕಾಲು ನೋವಾ ಮಾಸ್ತರ, ಎನ್ನುತ್ತಾರೆ ಕೆಲವರು.
ಹೌದು ಎಂದುಬಿಡುತ್ತೇನೆ.