ಇತರೆ ಬಾಬ್ತು

ಸವಿನ್ಯಾ ಹೊಳೆಯ ತಿರುವಿನಲ್ಲಿ ನಮ್ಮ ಕಾರ್ಖಾನೆ.
ನೂರ ಅರವತ್ತು ಜನ,
ಮುನ್ನೂರ ಹತ್ತೊಂಬತ್ತು ಕೈ.
ಒಂದನ್ನು ಹಳೆಯ ಪ್ರೆಸ್ಸು ಇಟ್ಟುಕೊಂಡಿದೆ.
ಮಾಡುವುದು ಬಾಗಿಲ ಕೀಲು, ಕಿಟಕಿಯ ಕೀಲು,
ಒಡವೆಪೆಟ್ಟಿಗೆಗೆ ಉಗುರಿನಷ್ಟು ಪುಟಾಣಿ ಕೀಲು.
ನಾನು ಮಿಲೋಯ್ಕಾ, ಲೆಕ್ಕದವಳು.
ಇಪ್ಪತ್ತೊಂಬತ್ತು ವರ್ಷ ಒಂದು ಕೀಲೂ ಮಾಡಿಲ್ಲ,
ಎಣಿಸಿದ್ದೇನೆ.

ಕೀಲಿನ ಮಟ್ಟಿಗೆ ನಾವು ಪುಣ್ಯವಂತರೇ.
ಹಳೆ ಹಿತ್ತಾಳೆ ಕರಗಿಸಿ ಹೊಸತು ಎರೆಯುತ್ತೇವೆ,
ಡಬ್ಬಿಗೆ ಪ್ಲಾಸ್ಟಿಕ್ಕಿಲ್ಲ.
ಹಸಿರೆಲೆಯ ಮುದ್ರೆಯ ಪ್ರಮಾಣಪತ್ರ
ಮುಂಬಾಗಿಲ ಗೋಡೆಯಲ್ಲಿ, ಸಂತನ ಪಟದ ಹಾಗೆ.

ಅದನ್ನು ತೂಗುಹಾಕಿದ ದಿನ ಕೇಕು ಕತ್ತರಿಸಿದೆವು.
ಲುದ್ವಿಕ್ ತಿನ್ನಲಿಲ್ಲ.
ಹೊಳೆಯಾಚೆ ಒಂದೇ ಕೋಣೆಯಲ್ಲಿ
ನಮ್ಮ ಕೀಲಿಗೆ ನಿಕ್ಕಲ್ ಹಿಡಿಸುವವನು ಅವನು.
ಅವನ ಬಿಲ್ಲು ನನ್ನ ಡ್ರಾಯರಿನಲ್ಲಿ
ಎಂಬತ್ತೇಳನೆಯ ದಿನದ ನಿದ್ದೆಯಲ್ಲಿತ್ತು.
“ಕೀಲೇನೋ ತೊಳೆದ ಮುತ್ತು,” ಅಂದ.
“ನನ್ನ ತೊಟ್ಟಿ ಸೋರುತ್ತಿದೆ, ಮಿಲೋಯ್ಕಾ.
ಮುಚ್ಚುವ ದುಡ್ಡು ನಿನ್ನ ಮೇಜಿನೊಳಗಿದೆ.”

ಆ ರಾತ್ರಿ ಲೆಡ್ಜರು ತೆರೆದು ಕೂತೆ.
ಕೀಲಿಗೆ ಹದಿನೇಳು ಪುಟ,
ತಿರುಪು, ಎಣ್ಣೆ, ಸಾಗಣೆ, ಸವಕಳಿ ಎಲ್ಲಕ್ಕೂ ಸಾಲು.
ಲುದ್ವಿಕ್‌ನ ತೊಟ್ಟಿ, ಅದರ ಕೆಳಗಿನ ಮೀನು,
ಕುಲುಮೆ ಆಕಾಶಕ್ಕೆ ಉಗುಳುವ ಬಿಸಿ,
ಬೆಳಗಿನವರೆಗೆ ಯಾರಿಗೂ ಅಲ್ಲದೆ ಉರಿಯುವ ಅಂಗಳದ ದೀಪ
ಇವಕ್ಕೆಲ್ಲ ಕೊನೆಯಲ್ಲಿ ಒಂದೇ ತಲೆಬರಹ:
ಇತರೆ ಬಾಬ್ತು.
ಕೆಳಗೆ ಖಾಲಿ.

ಬೆಳಗಾದೊಡನೆ ಬಿಲ್ಲು ಪಾವತಿಸಿದೆ.
ಯಾರನ್ನೂ ಕೇಳಲಿಲ್ಲ.
ಯಜಮಾನ ಬೊಗೊಮಿರ್ ಕರೆಸಿದ,
ಕಿಟಕಿಯಾಚೆ ನೋಡಿದ, ಕನ್ನಡಕ ಒರೆಸಿದ,
ಮತ್ತೆ ಒರೆಸಿದ.
“ಇನ್ನು ಮೇಲೆ ಹದಿನೈದು ದಿನ. ಎಲ್ಲ ಸಣ್ಣವರಿಗೂ.
ನಿನ್ನ ಸಂಬಳದಲ್ಲಿ ಮುರಿದುಕೊಳ್ಳಬೇಕಿತ್ತು,” ಅಂದ.
ಮುರಿದುಕೊಳ್ಳಲಿಲ್ಲ.

ಆಮೇಲೆ ಗಂಟೆಯನ್ನು ಹನ್ನೆರಡು ನಿಮಿಷ ಸರಿಸಿದೆವು.
ಅಷ್ಟೇ. ಹನ್ನೆರಡು ನಿಮಿಷ.
ಮೊದಲಿಂದಲೂ ನಮ್ಮ ಗೇಟಿನೆದುರೇ
ಬರಿದಾಗಿ ಹೋಗುತ್ತಿದ್ದ ರೈಲು
ಈಗ ಮೊದಲ ಪಾಳಿಯನ್ನು ಇಳಿಸಿ ಹೋಗುತ್ತದೆ.
ಅರ್ಧ ಕಾರು ನಿಲ್ದಾಣಕ್ಕೆ ಕಾರುಗಳಿಲ್ಲ.
ದೀಪ ಆರಿಸಿದ್ದಕ್ಕೆ ಕಾವಲುಗಾರ ಎರಡು ಸಲ ಎಡವಿ
ನನ್ನ ಹೆಸರು ಹಿಡಿದು ಬೈದ.

ಬೈಗುಳ ಜೋರಾದದ್ದು ಕೊಳವೆಗೆ.
ಕುಲುಮೆಯ ಬಿಸಿಯನ್ನು ಊರಿನ ಈಜುಕೊಳಕ್ಕೆ ಒಯ್ಯಲು
ಆರುನೂರ ನಲವತ್ತು ಮೀಟರು.
ಆ ವರ್ಷ ಬೋನಸ್ಸಿಲ್ಲ.
ಮೂರು ತಿಂಗಳು ಕ್ಯಾಂಟೀನಿನಲ್ಲಿ ಒಬ್ಬಳೇ ಉಂಡೆ,
ಸೂಪಿಗೆ ಉಪ್ಪು ಕೇಳಿದರೂ ಯಾರೂ ಸರಿಸಲಿಲ್ಲ.
ಅವರದು ತಪ್ಪೆನ್ನಲಾರೆ.
ಮಗಳ ಹಲ್ಲಿನ ತಂತಿಗೆಂದು ಎತ್ತಿಟ್ಟ ದುಡ್ಡು
ಇನ್ನೊಬ್ಬರ ಮಗುವಿನ ಸ್ನಾನಕ್ಕೆ ಹೋದರೆ
ನಾನೂ ಸರಿಸುತ್ತಿರಲಿಲ್ಲ.

ಮೊನ್ನೆ ಪರಿಶೋಧಕ ಬಂದಿದ್ದ, ಚೊಕ್ಕ ಹುಡುಗ.
ಕೀಲಿಗೆ ಎಷ್ಟು ಗ್ರಾಂ ಹೊಗೆ ಎಂದು ಕೇಳಿದ.
ಹೇಳಿದೆ, ಬರೆದುಕೊಂಡ.
ಲೆಡ್ಜರಿನ ಕೊನೆ ತೋರಿಸಿದೆ.
ಈಗ ಅದು ಇಪ್ಪತ್ತೆರಡು ಪುಟ:
ಬೊಗೊಮಿರ್ ಈಗಲೂ ಮೇಳಗಳಿಗೆ ವಿಮಾನದಲ್ಲೇ ಹಾರುವುದೂ ಸೇರಿ.
“ಇದಕ್ಕೆ ನನ್ನ ಫಾರ್ಮಿನಲ್ಲಿ ಜಾಗವಿಲ್ಲ, ಮೇಡಂ.”
ಪಾಪ, ನಿಜಕ್ಕೂ ಬೇಸರವಾಗಿತ್ತು ಅವನಿಗೆ.

ಸಂಜೆ ಕೊಳಕ್ಕೆ ಹೋದೆ.
ಹೊರಗೆ ಜನವರಿ, ಗಾಜಿನ ಮೇಲೆ ಹಬೆ.
ಸೆನಾದ್ ಈಜುತ್ತಿದ್ದ,
ಪ್ರೆಸ್ಸಿಗೆ ಎಡಗೈ ಕೊಟ್ಟ ಸೆನಾದ್.
ಬಲಗೈ ಬೀಸಿದಾಗೆಲ್ಲ ಮೈ ಎಡಕ್ಕೆ ಒಲೆಯುತ್ತದೆ,
ನೇರ ಹೋಗಲಾರ.
ಗೋಡೆಯಿಂದ ಹೊರಟು ನಿಧಾನಕ್ಕೆ
ನೀರಿನ ಮೇಲೊಂದು ಕಮಾನು ಬರೆದ,
ಯಾರೋ ಒಳಗಿನಿಂದ
ಭಾರದ ಬಾಗಿಲೊಂದನ್ನು
ಸದ್ದಿಲ್ಲದೆ ತೆರೆಯುತ್ತಿರುವ ಹಾಗೆ.