ಜೂನ್ ಒಂದನೇ ತಾರೀಕು

ಹದಿನಾಲ್ಕರೊಳಗಿನವರ ಫುಟ್‌ಬಾಲ್ ಲೀಗಿಗೆ ಕಚೇರಿ ಅಂತ ಇರುವುದು
ಹಾಸನದ ಹಳೇ ಬಸ್‌ಸ್ಟ್ಯಾಂಡ್ ಹಿಂದಿನ ನನ್ನ ಜೆರಾಕ್ಸ್ ಅಂಗಡಿ.
ಲ್ಯಾಮಿನೇಶನ್ ಮಿಷನ್ನು ಬಿಸಿಯಾಗುವ ತನಕ
ಕೂತು ಪಟ್ಟಿ ಬರೆಯುತ್ತೇನೆ:
ಎ ಡಿವಿಷನ್ ಎಂಟು ತಂಡ, ಬಿ ಡಿವಿಷನ್ ಏಳು,
ಏಳಾದ್ದರಿಂದ ಪ್ರತಿ ಭಾನುವಾರ ಯಾರೋ ಒಬ್ಬರಿಗೆ ಬಿಡುವು.
ಗೆದ್ದರೆ ಮೂರು, ಸಮವಾದರೆ ಒಂದು,
ಕಾಲು ಗಂಟೆ ಕಾದರೂ ಬಾರದಿದ್ದರೆ ವಾಕೋವರ್.
ಅರಸೀಕೆರೆ ರೈಲ್ವೆ ಕಾಲೊನಿಯವರಿಗೆ ಮಾತ್ರ ಅರ್ಧ ಗಂಟೆ:
ರೈಲಿನವರೇ ರೈಲು ತಡ ಅಂದರೆ ಏನು ಹೇಳುವುದು.
ಕೊನೆಯ ಇಬ್ಬರು ಕೆಳಕ್ಕೆ, ಮೊದಲಿಬ್ಬರು ಮೇಲಕ್ಕೆ.
ಇಷ್ಟೇ. ಅಣ್ಣತಮ್ಮಂದಿರ ಪಾಲುಪಟ್ಟಿಗಿಂತ ಸಲೀಸು
ಅಂತ ಮೊದಲ ವರ್ಷ ಅಂದುಕೊಂಡಿದ್ದೆ.

ಆಮೇಲೆ ಬಂದವು ವಯಸ್ಸಿನ ಕಾಗದಗಳು.
ಇನ್ನೂರ ನಲವತ್ತು ಹುಡುಗರಲ್ಲಿ
ಅರವತ್ತೊಂದು ಮಂದಿ ಹುಟ್ಟಿದ್ದು ಜೂನ್ ಒಂದಕ್ಕೆ.
ಅವತ್ತು ಜಿಲ್ಲೆಯ ಸೂಲಗಿತ್ತಿಯರಿಗೆ ಕೈ ಬಿಡುವಿರಲಿಲ್ಲವೇನೋ!
ಶಾಲೆ ಬಾಗಿಲು ತೆಗೆದ ದಿನ
ಬಲಗೈಯನ್ನು ತಲೆಯ ಮೇಲಿಂದ ಬಳಸಿ
ಎಡಗಿವಿ ಮುಟ್ಟು ಅಂದರು ಮೇಷ್ಟ್ರು;
ಮುಟ್ಟಿದವರನ್ನೆಲ್ಲ ಆ ದಿನಕ್ಕೇ ಹುಟ್ಟಿಸಿಬಿಟ್ಟರು.
ನನ್ನದೂ ಅದೇ ತಾರೀಕು.
ವರ್ಷವರ್ಷವೂ ಬ್ಯಾಂಕಿನಿಂದ ಶುಭಾಶಯದ ಮೆಸೇಜು ಬರುತ್ತದೆ.
ಅವ್ವ ನಗುತ್ತಿದ್ದಳು: ಅವರೆಕಾಯಿ ಕಾಲದಲ್ಲಿ ಹೆತ್ತೆನಲ್ಲೇ ನಿನ್ನ.

ಸಕಲೇಶಪುರದ ಎಸ್ಟೇಟ್ ಲೈನಿನ ತಂಡ ಮೂರು-ಒಂದರಿಂದ ಗೆದ್ದ ಸಂಜೆ
ಹೊಳೆನರಸೀಪುರದ ಮ್ಯಾನೇಜರು
ಕೌಂಟರಿನ ಮೇಲೆ ಐನೂರರ ನೋಟಿಟ್ಟರು.
ತಕರಾರು ಶುಲ್ಕ. ರೂಲು ಹದಿನಾರು:
ನಿಜವಾದರೆ ದುಡ್ಡು ವಾಪಸು,
ಸುಳ್ಳಾದರೆ ರೆಫ್ರಿಯ ಬಸ್ ಚಾರ್ಜಿಗೆ.
"ಆ ಒಂಬತ್ತನೇ ನಂಬರು, ಪಳನಿವೇಲು, ಮೀಸೆ ನೋಡಿ ಮೇಡಂ.
ಪಿಯುಸಿ ಓದೋ ನನ್ನ ತಮ್ಮನಿಗೇ ಇನ್ನೂ ಬಂದಿಲ್ಲ."

ಬುಧವಾರ ಸಮಿತಿ ಕೂತಿತು,
ಪೇಪರ್ ಬಂಡಲುಗಳ ಮೇಲೆ, ಮೂರು ಜನ.
ತಾಯಿ ಅಳಗಮ್ಮ ಕೂಲಿ ಬಿಟ್ಟು ಬಂದಿದ್ದಳು.
ಹುಡುಗ ಮೆಟ್ಟಿಲ ಮೇಲೆ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ.
"ಕಾಫಿ ಹೂವಿನ ಟೈಮಲ್ಲಿ ಹುಟ್ಟಿದ್ದು ಸಾರ್."
ಹೂವು ಪ್ರತಿ ವರ್ಷ ಬಿಡುತ್ತಲ್ಲಮ್ಮ, ಯಾವ ವರ್ಷ?
ಯೋಚಿಸಿದಳು.
"ಒಂದೇ ಸಲಕ್ಕೆ ಪೂರ್ತಿ ಅರಳಿತ್ತಲ್ಲ, ಆ ವರ್ಷ."
ನಾವು ಮೂವರೂ ಪೆನ್ನು ಕೆಳಗಿಟ್ಟೆವು.

ಆಗ ಪ್ಲಾಸ್ಟಿಕ್ ಕವರಿನಿಂದ ತೆಗೆದಳು
ಎಸ್ಟೇಟಿನ ರೈಟರು ಹುಡುಕಿಕೊಟ್ಟ ಚೆಕ್‌ರೋಲಿನ ಹಾಳೆ.
ಅವಳ ಹೆಸರಿನ ಮುಂದೆ ದಿನಕ್ಕೊಂದು ಗೀಟು,
ಮಾರ್ಚ್ ಹದಿನಾಲ್ಕರ ತನಕವೂ ಗೀಟು,
ಹದಿನೈದರಿಂದ ಕೆಂಪು ಶಾಯಿಯಲ್ಲಿ: ಹೆರಿಗೆ ರಜೆ.
ಎರಡು ಸಾವಿರದ ಹನ್ನೊಂದು.

ಶಾಲೆಯ ಕಾಗದದಲ್ಲಿ ಜೂನ್ ಒಂದು, ಎರಡು ಸಾವಿರದ ಹತ್ತು.
ಬೆರಳು ಮಡಚಿ ಎರಡೆರಡು ಸಲ ಎಣಿಸಿದೆ.
ಹುಡುಗ ದೊಡ್ಡವನಲ್ಲ, ಚಿಕ್ಕವನು.
ಕಾಗದದಲ್ಲಿ ಅವನು ಹುಟ್ಟಿದ ದಿನ
ಅಳಗಮ್ಮ ಇನ್ನೂ ಬಸಿರೇ ಆಗಿರಲಿಲ್ಲ.

ಮೂರು ಅಂಕ ಲೈನಿನವರಿಗೇ ಉಳಿಯಿತು, ಐನೂರು ರೆಫ್ರಿಗೆ ಹೋಯಿತು.
ಹೊಳೆನರಸೀಪುರದವರು ಟೀ ಕೂಡ ಕುಡಿಯದೆ ಎದ್ದರು.

ರಿಜಿಸ್ಟರಿನಲ್ಲಿ ಮಾತ್ರ ಏನು ಬರೆಯಲಿ?
ನಿಜ ಬರೆದರೆ ಶಾಲೆಗೂ ಆಧಾರಿಗೂ ತಾಳೆಯಾಗದೆ ಕಾರ್ಡೇ ರದ್ದು.
ರೂಲು ನಾಲ್ಕು; ಅದನ್ನು ಬರೆದವಳು ನಾನೇ.
ಇದ್ದದ್ದನ್ನೇ ಬಿಟ್ಟರೆ ಮುಂದಿನ ಸೀಸನ್ನಿಗೆ ಅವನಿಲ್ಲ,
ಹದಿನಾಲ್ಕು ದಾಟಿದವರಿಗೆ ಇಲ್ಲಿ ಲೀಗಿಲ್ಲ.
ಒಂದು ವರ್ಷದ ಆಟ
ಅವತ್ತು ಕಿವಿ ಮುಟ್ಟಿದ ಕೈಗೆ ಹೋಯಿತು.
ಐದು ವರ್ಷಕ್ಕೇ ಅಷ್ಟುದ್ದ ಕೈ!
ಇವನನ್ನು ಗೋಲಿಗೆ ನಿಲ್ಲಿಸಬೇಕಿತ್ತು.

ಹೊರಡುವಾಗ ಅಳಗಮ್ಮ ಕೇಳಿದಳು,
ಆ ಹಾಳೆದು ಒಂದು ಜೆರಾಕ್ಸ್ ಸಿಗುತ್ತಾ, ಮನೇಲಿರಲಿ.
ಎರಡು ತೆಗೆದೆ.
ಬೇಡ ಅಂದರೂ ಚಿಲ್ಲರೆ ಎಣಿಸಿಟ್ಟೇ ಹೋದಳು.
ಇನ್ನೊಂದು, ರೂಲು ನಾಲ್ಕರ ಪುಟದಲ್ಲಿ ಮಡಚಿಟ್ಟಿದ್ದೇನೆ.
ಭಾನುವಾರ ಎಂಟೂವರೆಗೆ ಲೈನಿನವರಿಗೂ ಅರಸೀಕೆರೆಗೂ ಪಂದ್ಯ.
ರೈಲು ಬಂದರೆ.