ಮೂರು ನೂಲು ಹೆಚ್ಚು

ಬೀಡಿಗಾದರೆ ಅಡಿಗೊಂದು ನೂಲು,
ಉಕ್ಕಿಗೆ ಎರಡು.
ಕರಗಿದ್ದು ಆರುತ್ತಾ ಕುಗ್ಗುತ್ತೆ,
ಅದಕ್ಕೇ ಮರದ ಪ್ಯಾಟರ್ನು ಅಷ್ಟು ದೊಡ್ಡದಿರಬೇಕು.
ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ
ನನಗೆ ಅನ್ನ ಹಾಕಿದ್ದು
ಇಂಚಿಗಿಂತ ಚೂರು ಉದ್ದದ ಇಂಚು ಕೊರೆದ
ಒಂದು ಸುಳ್ಳು ಸ್ಕೇಲು.

ಮಗಳಿಗೆ ಕವಚ ಬೇಕಂತೆ.
ಯಾವ ರಾಜ್ಯದ ಸಿಪಾಯಿ ನೀನು, ಅಂದೆ.
"ಇನ್ನೂ ಹೆಸರಿಟ್ಟಿಲ್ಲ," ಅಂದಳು
ನೋಟ್‌ಬುಕ್ಕಿನ ಹಿಂಬದಿಯಲ್ಲಿ
ಭುಜಕ್ಕೆ ಮೀನಿನ ರೆಕ್ಕೆ ಬರೆಯುತ್ತಾ.

ಏಪ್ರಿಲ್ ರಜೆ. ಹಳೇ ಟೀ ಶರ್ಟು ತೊಡಿಸಿ
ಕುತ್ತಿಗೆಯಿಂದ ಸೊಂಟದವರೆಗೆ
ಕಂದು ಗಮ್ ಟೇಪು, ಮೂರು ಸುತ್ತು.
ಉಸಿರು ಬಿಡೆ, ಬಿಗಿ ಹಿಡೀಬೇಡ, ನಗಬೇಡ.
ನಕ್ಕಳು. ಅದು ಹೊಟ್ಟೆಯ ಹತ್ತಿರ ಸುಕ್ಕಾಗಿ ಉಳಿಯಿತು.
ಬೆನ್ನು ಸೀಳಿ ಬಿಚ್ಚಿ, ಮರದ ಹೊಟ್ಟು ತುರುಕಿ
ಕೋಲಿಗೆ ನಿಲ್ಲಿಸಿದರೆ
ತಲೆಯಿಲ್ಲದ ಪ್ರಣತಿ.
ರಾತ್ರಿ ಎರಡಕ್ಕೆ ನೀರಿಗೆಂದು ಎದ್ದ ಇವಳಮ್ಮ
ಕಿರುಚಿದ್ದು ಅರ್ಧ ಮಲವಗೊಪ್ಪಕ್ಕೆ ಕೇಳಿಸಿತು.

ಗುಜರಿಯ ರಹಮತ್ ಸಾಬರು, ತಳ ಒಡೆದಿದೆಯೆಂದು
ಮುನ್ನೂರಕ್ಕೇ ಕೊಟ್ಟ ನೀಲಿ ಡ್ರಮ್ಮು,
ಒಳಗೆ ಇನ್ನೂ ಫಿನಾಯಿಲ್ ವಾಸನೆ.
ಬೈಕಿಗೆ ಸ್ಟಿಕ್ಕರ್ ಅಂಟಿಸುವ ಹುಡುಗನಿಂದ
ಹೀಟ್ ಗನ್ನು ಎರವಲು.
ಪ್ಲಾಸ್ಟಿಕ್ಕಿಗೆ ಮರದ ಮರ್ಯಾದೆ ಇಲ್ಲ.
ಮರ ಎಳೆ ತೋರಿಸುತ್ತೆ, ಇಲ್ಲಿ ಕಡಿ, ಅಲ್ಲಿ ಬೇಡ ಅನ್ನುತ್ತೆ.
ಇದು ಸುಮ್ಮನಿರುತ್ತೆ, ಸುಮ್ಮನೇ ಇರುತ್ತೆ,
ಹೊಳಪು ಬಂದ ಗಳಿಗೆ ಹಪ್ಪಳದ ಹಿಟ್ಟಿನಂತೆ ಜೋಲುತ್ತೆ.
ಹತ್ತು ಎಣಿಸು, ಮತ್ತೆ ಮೊಂಡು.
ಆ ಹತ್ತರೊಳಗೆ ವೆಲ್ಡಿಂಗ್ ಕೈಗವಸಿನಲ್ಲಿ
ಟೇಪಿನ ಮಗಳನ್ನು ತಬ್ಬಿ ಒತ್ತಿ ಹಿಡಿಯುತ್ತಿದ್ದೆ.
ನಿಜದವಳು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದಳು,
ಏಳನ್ನು ಬೇಕೆಂದೇ ಎರಡು ಸಲ.

ಮೊಣಕಾಲ ಚಿಪ್ಪಿಗೆ ಪಿವಿಸಿ ಬೆಂಡು.
ನಡುವೆ ಓವರ್‌ಟೈಮು, ಸುಟ್ಟ ಹೆಬ್ಬೆರಳು,
ಹಿಡಿಯದೆ ಸಿಪ್ಪೆಯೆದ್ದ ಬೆಳ್ಳಿ ಬಣ್ಣ,
ಮತ್ತೆ ಎಮರಿ ಪೇಪರು, ಮತ್ತೆ ಬಣ್ಣ.
ಆಗಸ್ಟು.

ತೊಡಿಸಿ ಪಟ್ಟಿ ಎಳೆದೆ.
ಎದೆಗೂ ಬೆನ್ನಿಗೂ ನಡುವೆ, ಎರಡೂ ಪಕ್ಕ,
ಎರಡೆರಡು ಬೆರಳು ಬಾಯಿಬಿಟ್ಟಿತ್ತು.
ಗುರುತು ಹಾಕುವಾಗ ಕೈ, ರೂಢಿಯ ಮೇಲೆ,
ಸುಳ್ಳು ಸ್ಕೇಲನ್ನೇ ಎತ್ತಿಕೊಂಡಿತ್ತು.
ಉಕ್ಕಿನ ಆ ಹೆಚ್ಚಳವೂ ಸಾಲಲಿಲ್ಲ.
ಉಸಿರು ಬಿಡೆ, ಅಂದೆ.
"ಬಿಟ್ಟಿದ್ದೀನಪ್ಪ."

ಅಳತೆ ಟೇಪು ಹಿಡಿದು ಹತ್ತಿರ ಹೋದೆ.
ತುದಿ ಹಿಡಿದಳು, ಮೆಲ್ಲಗೆ
ಇಡೀ ಟೇಪನ್ನು ನನ್ನ ಕೈಯಿಂದ ಎಳೆದುಕೊಂಡಳು.
"ನಾನೇ ಅಳೀತೀನಿ."
ಬಾಗಿಲು. ಚಿಲಕ.
ಒಳಗಿಂದ ಒಂದೊಂದೇ ಅಂಕಿ ಬಂತು.
ಹೊರಗೆ ನಾನು ಪೆನ್ಸಿಲ್ ನೆಕ್ಕಿ ಬರೆದುಕೊಂಡೆ
ಗಿರಾಕಿ ಫೋನಿನಲ್ಲಿ ಹೇಳಿದ ಅಳತೆಯ ಹಾಗೆ,
ಸರಿಯಾಗಿ ನೋಡು ಅಂತ ಒಮ್ಮೆಯೂ ಅನ್ನದೆ.
ಪ್ರತಿ ಅಂಕಿಗೂ ಮೂರು ನೂಲು ಸೇರಿಸಿದೆ.
ಯಾವ ಲೋಹದ ಲೆಕ್ಕವೋ, ನಮ್ಮ ಪುಸ್ತಕದಲ್ಲಿಲ್ಲ.

ಪಕ್ಕಗಳನ್ನು ಗರಗಸದಲ್ಲಿ ಕೊಯ್ದು
ಸೀಟ್ ಕವರಿನ ಕಪ್ಪು ರೆಕ್ಸಿನ್ನು,
ಅಗಲದ ಎಲಾಸ್ಟಿಕ್ಕು, ಪಾಪ್ ರಿವೆಟ್ಟು.
ಈಗ ಅವಳು ಉಸಿರೆಳೆದರೆ ಕವಚವೂ ಎಳೆಯುತ್ತೆ,
ಕೊಂಚ ಕಿರುಗುಟ್ಟುತ್ತೆ.

ಭಾನುವಾರ ಸ್ಕೂಟರಿನ ಹಿಂದೆ ಕೂತಳು,
ಬಗ್ಗದ ಮೊಣಕಾಲನ್ನು ಅಕ್ಕಪಕ್ಕ ಚಾಚಿ.
ಎಂಆರ್‌ಎಸ್ ಸರ್ಕಲಿನಲ್ಲಿ ಪೊಲೀಸಿನವರು ತಡೆದು
ಅವಳ ಶಿರಸ್ತ್ರಾಣವನ್ನು ಬೆರಳಿಂದ ತಟ್ಟಿ ನೋಡಿದರು.
"ಐಎಸ್‌ಐ ಮಾರ್ಕ್ ಎಲ್ಲಮ್ಮ?"
"ನಮ್ಮ ರಾಜ್ಯದಲ್ಲಿ ಇಲ್ಲ ಸಾರ್," ಒಳಗಿಂದ.
ಗಡಿಬಿಡಿಯಲ್ಲಿ ಹೆಲ್ಮೆಟ್ ಮರೆತಿದ್ದ ನನ್ನ ತಲೆಗೆ
ಐನೂರು ಬರೆದು ಬಿಟ್ಟರು.

ಟೇಪಿನವಳು ಶೆಡ್ಡಿನಲ್ಲಿದ್ದಾಳೆ.
ಎರಕ ಲಾರಿ ಹತ್ತುತ್ತೆ, ಪ್ಯಾಟರ್ನು ಕಪಾಟಿನಲ್ಲಿ ಉಳಿಯುತ್ತೆ,
ನಂಬರು ಬರೆದಿಡುವುದು ನಮ್ಮ ರೂಢಿ.
ಸೀಮೆಸುಣ್ಣ ಹಿಡಿದು ನಿಂತೆ, ಏನು ಬರೆಯಲೆಂದು ತೋಚಲಿಲ್ಲ.
ಇವಳಮ್ಮ ಆಗಲೇ ಅದರ ಕೊರಳಿಗೆ ಕೊಡೆ ಸಿಕ್ಕಿಸಿದ್ದಾಳೆ.
ನಕ್ಕ ಸುಕ್ಕಿನ ಹತ್ತಿರ ಸಣ್ಣಗೆ
ಹೊಟ್ಟು ಸೋರುತ್ತಿದೆ.